ಕಲಬುರಗಿ ಪೇಟೆಯಲ್ಲಿ ನಡೆಯೋರ ಹಾದಿ: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ವರ್ಷದ ಹಿಂದೆ ನಮ್ಮ ಅವ್ವ ಪೇಟೆಯಲ್ಲಿ ಬಿದ್ದಳು. ಕೇಬಲ್ ಹಾಕಲು ಅಗೆದವರು ಒಂದು ಫರ್ಸಿ ಕಲ್ಲು ತೆಗೆದು, ಅದನ್ನ ಸುಮ್ನೆ ಮಣ್ಣಿನ ಮೇಲೆ ಇಟ್ಟು ಹೋಗಿದ್ದರು. ಅವ್ವ ಅದರ ಒಂದು ಮೂಲೆಗೆ ಕಾಲಿಟ್ಟಳು, ಇನ್ನೊಂದು ಮೂಲೆ ಮೇಲೆದ್ದಿತು. ಮಣಿಕಟ್ಟು ಮುರಿಯಿತು. ಅವತ್ತಿನಿಂದ ನಾನು ಚೀಲದಲ್ಲಿ ಅಳತೆ ಟೇಪ್ ಇಟ್ಟುಕೊಂಡು ಪೇಟೆಗೆ ಹೋಗುತ್ತೇನೆ. ಫುಟ್‌ಪಾತ್ ಅಳೆಯುತ್ತಾ ಕೂತಾಗ ಜನ ನಿಂತು ಪ್ರಶ್ನೆ ಕೇಳುತ್ತಾರೆ. ಅಂಗಡಿಯವರು, ಬಂಡಿಯವರು, ಕಾಲೇಜು ಹುಡುಗರು, ಬಸ್ಸಿಗೆ ಕಾಯುವವರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇದೇ ಪ್ರಶ್ನೆಗಳನ್ನ. ಅದಕ್ಕೇ ಉತ್ತರಗಳನ್ನ ಒಂದು ಕಡೆ ಬರೆದಿಟ್ಟಿದ್ದೇನೆ.

ಫುಟ್‌ಪಾತ್ ಇದ್ದರೂ ಜನ ರಸ್ತೆ ಮೇಲೇ ಯಾಕೆ ನಡೆಯುತ್ತಾರೆ? ನಮ್ಮ ಜನಕ್ಕೆ ಶಿಸ್ತಿಲ್ಲ ಅಲ್ವಾ?

ಈ ಮಾತು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತೆ. ಒಂದು ಸಲ ಅವ್ವನ ಜೊತೆ ಸೂಪರ್ ಮಾರ್ಕೆಟ್‌ನಿಂದ ಚೌಕ್ ಕಡೆಗೆ ಹೊರಟೆ. ಫುಟ್‌ಪಾತ್ ಬಿಟ್ಟು ಇಳಿಯಬಾರದು ಅಂತ ಮಾತಾಡಿಕೊಂಡಿದ್ದೆವು. ಮೊದಲು ಒಂದು ಟ್ರಾನ್ಸ್‌ಫಾರ್ಮರ್ ಬಂತು, ಇಳಿದೆವು. ಆಮೇಲೆ ಅಂಗಡಿಯವರು ಬೈಕ್ ಹತ್ತಿಸಲು ಹಾಕಿಸಿದ ಸಿಮೆಂಟ್ ಇಳಿಜಾರು. ಮತ್ತೆ ಇಳಿದೆವು. ಆಮೇಲೆ ಅಂಗಡಿ ಮುಂದಿನ ಬೋರ್ಡು, ಮುಚ್ಚಳ ಇಲ್ಲದ ನಾಲಿ, ಸಾಲಾಗಿ ನಿಂತ ಬೈಕುಗಳು. ಹತ್ತಿ ಇಳಿದಿದ್ದನ್ನ ಎಣಿಸುತ್ತಾ ಬಂದವಳು ಹದಿನಾಲ್ಕಕ್ಕೆ ಎಣಿಕೆ ಬಿಟ್ಟೆ. "ಏರು ಇಳಿ ಅಂದ್ರ ನನ್ನ ಮೊಣಕಾಲು ಕೇಳಂಗಿಲ್ಲ, ಕೆಳಗೇ ಹೋಗೂಣು" ಅಂದಳು ಅವ್ವ. ರಸ್ತೆ ಮೇಲೆ ಆಟೋ ಹಾರ್ನ್ ಹೊಡೆಯುತ್ತೆ ನಿಜ, ಆದರೆ ನೆಲ ಸಮ ಇದೆ.

ಶಿಸ್ತಿಲ್ಲದಿರುವುದು ಹಾದಿಗೆ. ಹತ್ತು ಹೆಜ್ಜೆಗೊಮ್ಮೆ ಕಡಿಯುವ ಫುಟ್‌ಪಾತ್ ಯಾರಿಗೂ ಉಪಯೋಗ ಇಲ್ಲ. ಅಗಲ ಸ್ವಲ್ಪ ಕಡಿಮೆ ಇದ್ದರೂ ಪರವಾಗಿಲ್ಲ, ಶುರುವಿನಿಂದ ಕೊನೆಯವರೆಗೆ ಒಂದೇ ಸಮ ಇರಲಿ. ಇಷ್ಟು ದಿನ ಅಳೆದು ನಾನು ಕಂಡುಕೊಂಡಿದ್ದು ಇದೊಂದೇ.

ಅಗಲ, ಎತ್ತರ ಎಷ್ಟಿರಬೇಕು ಅಂತ ಲೆಕ್ಕ ಇದೆಯಾ?

ಇದೆ. ಭಾರತೀಯ ರಸ್ತೆ ಕಾಂಗ್ರೆಸ್‌ನ ಐಆರ್‌ಸಿ 103 ಅನ್ನುವ ಮಾರ್ಗಸೂಚಿ ನಡೆಯುವವರಿಗೆಂದೇ ಇರುವುದು. ಅದರ ಪ್ರಕಾರ ಯಾವ ಅಡ್ಡಿಯೂ ಇಲ್ಲದ ನಡೆಯುವ ಜಾಗ ಕನಿಷ್ಠ 1.8 ಮೀಟರ್ ಇರಬೇಕು, ಅಂದರೆ ಸುಮಾರು ಆರು ಅಡಿ. ಎದುರು ಬದುರು ಎರಡು ಗಾಲಿಕುರ್ಚಿ ದಾಟಿ ಹೋಗಲು ಅಷ್ಟು ಬೇಕು. ಅಂಗಡಿ ಸಾಲಿರುವ ಪೇಟೆಯಲ್ಲಿ ಇನ್ನೂ ಜಾಸ್ತಿ ಬೇಕು. ತಲೆ ಮೇಲೆ 2.2 ಮೀಟರ್‌ವರೆಗೆ ಬೋರ್ಡು, ಟಾರ್ಪಾಲ್ ಹಗ್ಗ, ಏನೂ ಅಡ್ಡ ಬರಬಾರದು. ರಸ್ತೆಯಿಂದ ಫುಟ್‌ಪಾತ್ ಎತ್ತರ 150 ಮಿಲಿಮೀಟರ್ ಮೀರಬಾರದು.

150 ಮಿಲಿಮೀಟರ್ ಅಂದರೆ ಆರು ಇಂಚು, ಮನೆಯ ಒಂದು ಮೆಟ್ಟಿಲಿನಷ್ಟು. ನಮ್ಮಲ್ಲಿ ನಾಲಿ ಮೇಲೆ ಚಪ್ಪಡಿ ಹಾಕಿ ಅದನ್ನೇ ಫುಟ್‌ಪಾತ್ ಅನ್ನುತ್ತಾರಲ್ಲ, ಅಲ್ಲಿ ಹೋಗಿ ಅಳೆದು ನೋಡಿ. ಒಂದೂವರೆ ಅಡಿ ಎತ್ತರ ಇದ್ದ ಕಡೆಯೂ ನನ್ನ ಟೇಪ್ ಇಳಿದಿದೆ. ಸೀರೆ ಉಟ್ಟು, ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಮಗು ಇದ್ದವರು ಅದನ್ನ ಹೇಗೆ ಹತ್ತಬೇಕು?

ತಳ್ಳುಬಂಡಿಗಳನ್ನ ಎಬ್ಬಿಸಿದರೆ ಅರ್ಧ ಸಮಸ್ಯೆ ಹೋಗುತ್ತಲ್ವಾ?

ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ.

ಬಂಡಿ ಎಬ್ಬಿಸಿದ ಜಾಗ ನಡೆಯುವವರಿಗೆ ಸಿಗುತ್ತದೆ ಅಂತ ನೀವು ಅಂದುಕೊಳ್ಳುತ್ತೀರಿ. ಅರ್ಧ ಗಂಟೆ ಅಲ್ಲೇ ನಿಂತು ನೋಡಿ. ಎರಡು ಬೈಕು ಬಂದು ನಿಲ್ಲುತ್ತವೆ, ಆಮೇಲೆ ಮೂರನೆಯದು, ಆಮೇಲೆ ಒಂದು ಕಾರು. ಬಂಡಿಯವನಾದರೆ "ಸ್ವಲ್ಪ ಸರೀರಿ ಅಣ್ಣಾ" ಅಂದಾಗ ಸರಿಯುತ್ತಿದ್ದ. ಬೈಕಿನ ಮಾಲೀಕ ಎಲ್ಲಿದ್ದಾನೆ ಅಂತ ಹುಡುಕುವುದು ಯಾರು?

ಕಾನೂನೂ ಇದೆ. ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಬಂದಿದ್ದು 2014ರಲ್ಲಿ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಬೇರೆ ಕಡೆ ಕಳಿಸುವುದಾದರೆ 30 ದಿನ ಮೊದಲೇ ನೋಟಿಸ್ ಕೊಡಬೇಕು. ಇದನ್ನೆಲ್ಲ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಊರಿನ ಜನಸಂಖ್ಯೆಯ ಶೇ 2.5ರಷ್ಟು ವ್ಯಾಪಾರಿಗಳಿಗೆ ಜಾಗ ಕೊಡಲು ಪ್ರಯತ್ನ ಮಾಡಬೇಕು ಅಂತಲೂ ಕಾಯ್ದೆಯಲ್ಲಿದೆ. ಐದು ಲಕ್ಷ ಜನ ಅಂತ ಹಿಡಿದರೂ 12,500 ಮಂದಿ ಆಯಿತು.

ಹಾಗಾದರೆ ದಾರಿ ಏನು? ಫುಟ್‌ಪಾತನ್ನ ಅಡ್ಡಕ್ಕೆ ಮೂರು ಪಟ್ಟಿ ಮಾಡಬೇಕು. ಅಂಗಡಿ ಬಾಗಿಲಿಗೆ ಅಂಟಿದಂತೆ ಒಂದೆರಡು ಅಡಿ, ನಿಂತು ನೋಡುವವರಿಗೆ. ನಡುವೆ ಆರು ಅಡಿ ನಡೆಯುವವರಿಗೆ, ಅದರಲ್ಲಿ ಒಂದು ಬುಟ್ಟಿಯೂ ಇರಬಾರದು. ರಸ್ತೆ ಕಡೆಗೆ ಇನ್ನೊಂದು ಪಟ್ಟಿ, ಅದರಲ್ಲಿ ಗಿಡ, ದೀಪದ ಕಂಬ, ಕೂರುವ ಕಟ್ಟೆ, ಬಂಡಿ ಎಲ್ಲಾ ಸಾಲಾಗಿ. ಬಂಡಿ ಅಲ್ಲಿ ನಿಂತರೆ ನಡೆಯುವವರಿಗೂ ವಾಹನಕ್ಕೂ ಮಧ್ಯೆ ಗೋಡೆ ಇದ್ದ ಹಾಗೆ. ನೆಲದ ಮೇಲೆ ಹಳದಿ ಗೆರೆ ಎಳೆದು ನಂಬರ್ ಹಾಕಿದರೆ ದಿನದ ಜಗಳವೂ ಕಮ್ಮಿ.

ಬಾಳೆಹಣ್ಣು ಮಾರುವ ಒಬ್ಬರಿಗೆ ಈ ಮೂರು ಪಟ್ಟಿಯ ಚಿತ್ರ ಬಿಡಿಸಿ ತೋರಿಸಿದ್ದೆ. ತಕ್ಷಣ ಅಂದರು: "ಅಕ್ಕಾರ, ನಡ್ಕೊಂಡು ಬರೋ ಗಿರಾಕಿನೇ ನಮ್ಮ ಬಂಡಿಗಿ ಬರ್ತದ. ಗಾಡಿ ಮ್ಯಾಲ ಹೋಗೋರು ಎಲ್ಲಿ ನಿಲ್ತಾರ?" ನಡೆಯುವವರಿಗೆ ಒಳ್ಳೇದಾದರೆ ಬಂಡಿಯವರಿಗೂ ಒಳ್ಳೇದು. ಇಬ್ಬರನ್ನೂ ಜಗಳಕ್ಕೆ ಬಿಟ್ಟು ಬೈಕಿಗೆ ಜಾಗ ಮಾಡಿಕೊಡುವುದು ನ್ಯಾಯ ಅಲ್ಲ.

ಅಂಗಡಿ ಮುಂದೆ ಪಾರ್ಕಿಂಗ್ ತೆಗೆದರೆ ವ್ಯಾಪಾರ ಬೀಳುತ್ತೆ. ಅಂಗಡಿಯವರ ಗತಿ ಏನು?

ಅಂಗಡಿಯವರ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಬಾಡಿಗೆ ಕಟ್ಟಿ ಕೂತವರಿಗೆ ಒಂದು ತಿಂಗಳ ವ್ಯಾಪಾರ ಹೋದರೂ ಕಷ್ಟ. ಆದರೆ ಬೆಳಿಗ್ಗೆ ಹತ್ತಕ್ಕೆ ಹೋಗಿ ಅಂಗಡಿ ಮುಂದಿನ ಬೈಕುಗಳನ್ನ ನೋಡಿಕೊಳ್ಳಿ, ಸಂಜೆ ಏಳಕ್ಕೆ ಮತ್ತೆ ನೋಡಿ. ಬಹಳಷ್ಟು ಅವೇ ಬೈಕುಗಳು. ಮಾಲೀಕರದ್ದು, ಕೆಲಸದ ಹುಡುಗರದ್ದು. ಗಿರಾಕಿಗೆ ಅಂತ ಇಟ್ಟುಕೊಂಡ ಜಾಗ ಗಿರಾಕಿಗೇ ಸಿಗುತ್ತಿಲ್ಲ. ಇಡೀ ದಿನ ನಿಲ್ಲುವ ಬೈಕುಗಳಿಗೆ ಹತ್ತಿರದಲ್ಲೇ ಒಂದು ಮೈದಾನ ಗೊತ್ತು ಮಾಡಿ, ಪೇಟೆಯ ಒಳಗೆ ಸ್ವಲ್ಪ ಹೊತ್ತು ನಿಲ್ಲುವವರಿಗೆ ಮಾತ್ರ ಜಾಗ ಇಟ್ಟರೆ ಗಿರಾಕಿ ಬರುವುದು ಸಲೀಸಾಗುತ್ತದೆ.

ಒಂದು ಕಾರು ನಿಲ್ಲಲು ಸುಮಾರು ಐದು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ ಬೇಕು. ಬಂದಿರುವುದು ಒಬ್ಬರೋ ಇಬ್ಬರೋ. ಬಟ್ಟೆ ಬಜಾರಿನಲ್ಲಿ ಮದುವೆ ಸೀರೆ ತೆಗೆಯಲು ಹತ್ತು ಜನ ಒಟ್ಟಿಗೆ ಬರುತ್ತಾರೆ. ಅವರು ನಿಂತು ಮಾತಾಡಿ, ಚಹಾ ಕುಡಿದು, ಇನ್ನೊಂದು ಅಂಗಡಿ ಹೊಕ್ಕುವುದು ಕಾಲ್ನಡಿಗೆಯಲ್ಲೇ. ಬೆಂಗಳೂರಿನ ಚರ್ಚ್ ಸ್ಟ್ರೀಟ್, ಚೆನ್ನೈನ ಪಾಂಡಿ ಬಜಾರ್ ನೋಡಿದವರಿಗೆ ಇದು ಗೊತ್ತಿರುತ್ತದೆ. ಎರಡೂ ಕಡೆ ನಡೆಯುವವರಿಗೆ ಅಗಲ ಜಾಗ ಬಿಟ್ಟು ರಸ್ತೆ ಹೊಸದಾಗಿ ಮಾಡಿದರು. ಈಗಲೂ ಅಲ್ಲಿ ಜನ ತುಂಬಿಕೊಂಡೇ ಇರುತ್ತಾರೆ.

ನಮ್ಮ ಬಿಸಿಲಲ್ಲಿ ಯಾರು ನಡೆಯುತ್ತಾರೆ? ಇದು ಬೆಂಗಳೂರಿಗೆ ಸರಿ, ಕಲಬುರಗಿಗೆ ಅಲ್ಲ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಏಪ್ರಿಲ್-ಮೇ ಬಂತು ಅಂದರೆ 42 ಡಿಗ್ರಿ ನಮಗೆ ಹೊಸದೇನಲ್ಲ. ಬಿಸಿಲಿಗೆ ಹೆದರಿ ಸರ್ಕಾರವೇ ನಮ್ಮ ಭಾಗದ ಕಚೇರಿಗಳನ್ನ ಬೇಸಿಗೆಯಲ್ಲಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚಿಸುತ್ತದೆ. ಆದರೂ ಜನ ನಡೆಯುತ್ತಲೇ ಇರುತ್ತಾರೆ. ತಲೆ ಮೇಲೆ ಟವೆಲ್, ಸೆರಗು ಹಾಕಿಕೊಂಡು, ಗೋಡೆಯ ಒಂದು ಅಡಿ ನೆರಳು ಹಿಡಿದು, ಒಬ್ಬರ ಹಿಂದೆ ಒಬ್ಬರು. ಬಸ್ಸಿನಲ್ಲಿ ಬಂದವರು ಇಳಿದ ಮೇಲೆ ನಡೆಯಲೇಬೇಕಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಗಳಿಂದ ಪೇಟೆಗೆ ಒಬ್ಬರೇ ಬರುವ ಹೆಂಗಸರನ್ನ ಜಾಸ್ತಿ ನೋಡುತ್ತಿದ್ದೇನೆ. ಬಸ್ಸು ಫ್ರೀ ಆಯಿತು, ಬಸ್‌ಸ್ಟ್ಯಾಂಡ್‌ನಿಂದ ಅಂಗಡಿವರೆಗಿನ ಬಿಸಿಲು ಹಾಗೇ ಉಳಿಯಿತು.

ಅದಕ್ಕೇ ನಮ್ಮೂರಲ್ಲಿ ಫುಟ್‌ಪಾತ್ ಎಸ್ಟಿಮೇಟ್ ಅಂದರೆ ಕಲ್ಲಿನ ಲೆಕ್ಕದ ಜೊತೆ ನೆರಳಿನ ಲೆಕ್ಕವೂ ಇರಬೇಕು. ಬೇವು, ಹೊಂಗೆ ನಮ್ಮ ಮಣ್ಣಿಗೆ, ನಮ್ಮ ನೀರಿಗೆ ಒಗ್ಗಿದ ಮರಗಳು. ಅಂದಕ್ಕೆ ಅಂತ ತರುವ ಪಾಮ್ ಗಿಡ ನೋಡಲು ಚೆನ್ನ, ನೆರಳು ಮಾತ್ರ ಒಂದು ಕೊಡೆಯಷ್ಟೂ ಇಲ್ಲ. ಮರದ ಬುಡಕ್ಕೆ ಕನಿಷ್ಠ ಒಂದು ಮೀಟರ್ ಚೌಕ ಮಣ್ಣು ಬಿಡಬೇಕು. ನಮ್ಮಲ್ಲಿ ಬುಡದ ತನಕ ಸಿಮೆಂಟ್ ಬಳಿದುಬಿಡುತ್ತಾರೆ. ಮರ ಉಸಿರು ಕಟ್ಟಿ ಒಣಗುತ್ತದೆ, ಇಲ್ಲವೇ ಬೇರು ಮೇಲೆದ್ದು ಕಲ್ಲು ಒಡೆಯುತ್ತದೆ. ಆಮೇಲೆ ತಪ್ಪು ಮರದ್ದು ಅಂತ ಕಡಿಯುತ್ತಾರೆ.

ಮರ ಬೆಳೆಯುವ ತನಕ ಏನು? ಅಂಗಡಿ ಚಜ್ಜಾ ಇದೆಯಲ್ಲ. ಎಲ್ಲರೂ ಒಂದೇ ಎತ್ತರಕ್ಕೆ, ಒಂದೇ ಉದ್ದಕ್ಕೆ ಚಾಚಿದರೆ ಇಡೀ ಸಾಲಿಗೆ ನೆರಳಾಗುತ್ತದೆ. ಈಗ ಒಬ್ಬರದ್ದು ಮೇಲೆ, ಒಬ್ಬರದ್ದು ಕೆಳಗೆ, ನಡುವೆ ಬಿಸಿಲಿನ ತುಂಡುಗಳು. ಇರುವುದರಲ್ಲೇ ಮಾಡುವುದಾದರೆ, ಪೂರ್ವ-ಪಶ್ಚಿಮವಾಗಿ ಹೋಗುವ ರಸ್ತೆಯಲ್ಲಿ ದಕ್ಷಿಣ ಬದಿಯ ಫುಟ್‌ಪಾತನ್ನ ಮೊದಲು ಅಗಲ ಮಾಡಿ. ಅಲ್ಲಿಯ ಕಟ್ಟಡಗಳೇ ವರ್ಷದ ಬಹುಪಾಲು ನೆರಳು ಕೊಡುತ್ತವೆ. ಇನ್ನೂರು ಮುನ್ನೂರು ಹೆಜ್ಜೆಗೆ ಒಂದು ಅರವಟಿಗೆ. ಬೇಸಿಗೆಯಲ್ಲಿ ಮಣ್ಣಿನ ಗಡಿಗೆ ಇಟ್ಟು ಬಾಯಾರಿದವರಿಗೆ ನೀರು ಕೊಡುವುದನ್ನ ನಮ್ಮೂರ ವ್ಯಾಪಾರಿಗಳಿಗೆ ಯಾರೂ ಕಲಿಸಬೇಕಾಗಿಲ್ಲ. ಅದಕ್ಕೊಂದು ಕಾಯಂ ಜಾಗ ಬೇಕು, ಅಷ್ಟೇ.

ಹಾಕಿದ ಟೈಲ್ಸ್ ಒಂದೇ ಮಳೆಗಾಲಕ್ಕೆ ಎದ್ದು ಬರುತ್ತವೆ. ಯಾವ ಕಲ್ಲು ಒಳ್ಳೇದು?

ಕಲ್ಲಿಗಿಂತ ಮೊದಲು ಮಣ್ಣು ನೋಡಿ. ನಮ್ಮದು ಕರಿ ಎರೆ ಮಣ್ಣು. ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತದೆ. ಹೊಲದಲ್ಲಿ ತೊಗರಿಗೆ ವರ ಆದ ಈ ಮಣ್ಣು ಫುಟ್‌ಪಾತಿಗೆ ಶತ್ರು. ಅದರ ಮೇಲೆ ನೇರವಾಗಿ ಮರಳು ಹರಡಿ ಬ್ಲಾಕ್ ಜೋಡಿಸಿದರೆ ಒಂದು ಮಳೆಗೆ ಅಲೆ ಅಲೆಯಾಗುತ್ತದೆ. ಕರಿ ಮಣ್ಣನ್ನ ಬೇಕಾದಷ್ಟು ಆಳ ತೆಗೆದು, ಮೊರಂ ಅನ್ನುವ ಗರಸು ಮಣ್ಣು ತುಂಬಿ, ಪದರ ಪದರವಾಗಿ ನೀರು ಹೊಡೆದು ದಮ್ಮಸು ಮಾಡಿ, ಮೇಲೆ ಕಾಂಕ್ರೀಟ್ ಹಾಸಿಗೆ ಹಾಕಬೇಕು. ದುಡ್ಡು ಹೋಗಬೇಕಾದ್ದು ಕಣ್ಣಿಗೆ ಕಾಣದ ಈ ಕೆಲಸಕ್ಕೆ. ಹೊಳೆಯುವ ಟೈಲ್ಸಿಗೆ ಆಮೇಲೆ.

ಮೇಲಿನ ಕಲ್ಲಿಗೆ ದೂರ ಹೋಗುವುದು ಬೇಡ. ಶಹಾಬಾದ್ ಫರ್ಸಿ ನಮ್ಮ ಜಿಲ್ಲೆಯದ್ದೇ, ದೇಶಕ್ಕೆಲ್ಲ ಹೋಗುತ್ತದೆ. ಎರಡು ಎಚ್ಚರಿಕೆ ಮಾತ್ರ ಇರಲಿ. ಪಾಲಿಶ್ ಮಾಡಿದ ಫರ್ಸಿ ಹಾಕಬೇಡಿ, ಮಳೆ ಬಿದ್ದರೆ ಎಣ್ಣೆ ಸುರಿದಂತೆ ಜಾರುತ್ತದೆ. ಉಳಿ ಏಟು ಹಾಕಿ ಒರಟು ಮಾಡಿದ್ದು ಹಾಕಿ. ಇನ್ನೊಂದು, ತೆಳ್ಳಗಿನ ಫರ್ಸಿಯನ್ನ ನಾಲಿ ಮೇಲೆ ಸೇತುವೆಯ ಹಾಗೆ ಇಡಬೇಡಿ. ಬೈಕು ಹತ್ತಿದರೆ ನಡು ಮುರಿಯುತ್ತದೆ. ನಾಲಿ ಮೇಲೆ ಕಬ್ಬಿಣ ಹಾಕಿದ ಕಾಂಕ್ರೀಟ್ ಚಪ್ಪಡಿಯೇ ಬೇಕು, ಹೂಳು ತೆಗೆಯಲು ನಡುನಡುವೆ ಎತ್ತಲು ಬರುವ ಮುಚ್ಚಳ ಬೇಕು.

ಅಗೆಯುವವರಿಗೂ ಜಾಗ ಬಿಟ್ಟಿರಬೇಕು. ಬೆಂಗಳೂರಿನ ಟೆಂಡರ್‌ಶೂರ್ ರಸ್ತೆಗಳಲ್ಲಿ ನೀರು, ವಿದ್ಯುತ್, ಕೇಬಲ್ ಎಲ್ಲವನ್ನೂ ಮೊದಲೇ ಫುಟ್‌ಪಾತ್ ಕೆಳಗೆ ಕೊಳವೆಗಳಲ್ಲಿ ಇಟ್ಟರು. ಹೊಸ ಕೇಬಲ್ ಬಂದರೆ ಮುಚ್ಚಳ ತೆಗೆದು ಎಳೆದುಕೊಂಡು ಹೋಗುತ್ತಾರೆ. ಹಾಗೆ ಮಾಡಿದ್ದರೆ ನಮ್ಮ ಅವ್ವ ಬೀಳುತ್ತಿರಲಿಲ್ಲ.

ಜಗತ್ ಸರ್ಕಲ್‌ನಂಥ ಕಡೆ ರಸ್ತೆ ದಾಟುವುದೇ ಭಯ. ಮೇಲ್ಸೇತುವೆ ಕಟ್ಟಬಾರದಾ?

ನನ್ನ ಕೇಳಿದರೆ, ಪೇಟೆಯ ಒಳಗೆ ಬೇಡ. ನಲವತ್ತು ಮೆಟ್ಟಿಲು ಹತ್ತಿ ನಲವತ್ತು ಇಳಿಯಲು ವಯಸ್ಸಾದವರಿಂದ ಆಗಲ್ಲ, ಬೇರೆಯವರು ಹತ್ತಲ್ಲ. ಕೊನೆಗೆ ಅದು ಜಾಹೀರಾತು ಬೋರ್ಡಿಗೆ ಕಂಬ ಆಗುತ್ತದೆ. ನೆಲದ ಮೇಲೇ ದಾಟುವಂತೆ ಮಾಡುವುದು ಅಗ್ಗ, ಸುರಕ್ಷಿತ. ಜೀಬ್ರಾ ಪಟ್ಟಿಯನ್ನ ಫುಟ್‌ಪಾತ್ ಎತ್ತರಕ್ಕೇ ಏರಿಸಿದರೆ ವಾಹನ ತಾನಾಗಿ ನಿಧಾನ ಆಗುತ್ತದೆ, ನಡೆಯುವವರು ಇಳಿಯಬೇಕಾಗಿಲ್ಲ. ರಸ್ತೆ ಅಗಲ ಇದ್ದರೆ ನಡುವೆ ನಿಲ್ಲಲು ಒಂದು ಕಟ್ಟೆ ಬೇಕು.

ಸಿಗ್ನಲ್ ಸೆಕೆಂಡುಗಳನ್ನೂ ನೋಡಬೇಕು. ಗಟ್ಟಿ ಇದ್ದವರು ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಅಂತ ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. 15 ಮೀಟರ್ ರಸ್ತೆಗೆ 13 ಸೆಕೆಂಡ್ ಸಾಕು. ಅವ್ವನಂಥವರು 0.8 ಮೀಟರ್ ನಡೆದರೆ 19 ಸೆಕೆಂಡ್ ಬೇಕು. ಆ ಆರು ಸೆಕೆಂಡು ಅವಳು ರಸ್ತೆ ನಡುವೆ ಇರುತ್ತಾಳೆ.

ಪೇಟೆಯಲ್ಲಿ ವೇಗ ಎಷ್ಟಿರಬೇಕು?

ಗಂಟೆಗೆ 30 ಕಿಲೋಮೀಟರ್ ದಾಟಬಾರದು. ಆ ವೇಗದಲ್ಲಿ ಅಡ್ಡ ಬಂದವರನ್ನ ಕಂಡು ಬ್ರೇಕ್ ಹಾಕಿದರೆ, ಕಂಡ ಕ್ಷಣದಿಂದ ಸುಮಾರು 12-13 ಮೀಟರಿಗೆ ಗಾಡಿ ನಿಲ್ಲುತ್ತದೆ. 50ರಲ್ಲಿ ಅದರ ಎರಡು ಪಟ್ಟು ಬೇಕು. 30ರಲ್ಲಿ ಗುದ್ದಿದರೆ ಬಹಳಷ್ಟು ಜನ ಬದುಕುತ್ತಾರೆ, 50 ಆದರೆ ಆ ಭರವಸೆ ಇಲ್ಲ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ 1.68 ಲಕ್ಷ ಜನ ಸತ್ತರು. ಸುಮಾರು ಐವರಲ್ಲಿ ಒಬ್ಬರು ನಡೆದು ಹೋಗುತ್ತಿದ್ದವರು. ಅವರ ಕೈಯಲ್ಲಿ ಸ್ಟಿಯರಿಂಗ್ ಇರಲಿಲ್ಲ.

ಕಣ್ಣು ಕಾಣದವರಿಗೆ, ಗಾಲಿಕುರ್ಚಿಯವರಿಗೆ ಏನು ವ್ಯವಸ್ಥೆ ಬೇಕು?

ಫುಟ್‌ಪಾತ್ ಮುಗಿಯುವ ಕಡೆ ಇಳಿಜಾರು ಬೇಕು: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಕೋಲು, ಕಾಲಿಗೆ ತಾಕುವ ಗೆರೆ-ಚುಕ್ಕಿ ಟೈಲ್ಸ್ ಸಾಲಾಗಿ ಬೇಕು, ಅದು ಕಂಬಕ್ಕೆ ಹೋಗಿ ಮುಟ್ಟಬಾರದು. ಬೈಕ್ ಬರದಂತೆ ಗೂಟ ನೆಡುವುದಾದರೆ ನಡುವೆ ಗಾಲಿಕುರ್ಚಿ ದಾಟುವಷ್ಟು ಜಾಗ ಬಿಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಇದು ಯಾರ ಉಪಕಾರವೂ ಅಲ್ಲ.

ಹೆಂಗಸರಿಗೆ ಬೇರೆ ಏನಾದರೂ ಬೇಕಾ?

ದೀಪ ಮತ್ತು ಶೌಚಾಲಯ. ಬೀದಿ ದೀಪ ರಸ್ತೆ ನಡುವೆ ಬೆಳಕು ಚೆಲ್ಲುತ್ತದೆ, ಫುಟ್‌ಪಾತ್ ಮರದ ಕೆಳಗೆ ಕತ್ತಲಲ್ಲಿ ಇರುತ್ತದೆ. ನಡೆಯುವ ಪಟ್ಟಿಗೆ ಗಿಡ್ಡ ಕಂಬದ ಬೇರೆ ದೀಪ ಹಾಕಬೇಕು. ಶೌಚಾಲಯದ ವಿಷಯ ಏನು ಹೇಳಲಿ? ಹಳ್ಳಿಯಿಂದ ಪೇಟೆಗೆ ಬರುವ ಎಷ್ಟೋ ಹೆಂಗಸರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. 42 ಡಿಗ್ರಿ ಬಿಸಿಲಲ್ಲಿ.

ವಾಹನ ಬಂದ್ ಮಾಡಿದರೆ ಊರು ನಡೆಯುತ್ತಾ?

ಶರಣಬಸವೇಶ್ವರ ಜಾತ್ರೆ ದಿನ ನಡೆಯುತ್ತಲ್ಲ! ಹೋಳಿ ಆದ ಮೇಲೆ ತೇರು ಎಳೆಯುವಾಗ ಗುಡಿಯ ಸುತ್ತಮುತ್ತ ವಾಹನ ಬೇರೆ ದಾರಿ ಹಿಡಿಯುತ್ತವೆ. ಖ್ವಾಜಾ ಬಂದೇ ನವಾಜ್ ಉರುಸಿನ ಸಂದಲ್ ಮೆರವಣಿಗೆಗೂ ಹಾಗೇ. ಲಕ್ಷಗಟ್ಟಲೆ ಜನ ನಡೆದೇ ಬರುತ್ತಾರೆ, ವ್ಯಾಪಾರವೂ ಭರ್ಜರಿ ಆಗುತ್ತದೆ. ಯಾವ ರಸ್ತೆ ಮುಚ್ಚಬೇಕು, ಟಂಟಂ ಎಲ್ಲಿ ನಿಲ್ಲಬೇಕು, ಆಂಬುಲೆನ್ಸಿಗೆ ಯಾವ ದಾರಿ ಬಿಡಬೇಕು, ಎಲ್ಲಾ ನಮ್ಮವರಿಗೆ ಗೊತ್ತು. ಇಡೀ ಊರು ಬಂದ್ ಮಾಡಿ ಅಂತ ನಾನು ಕೇಳುತ್ತಿಲ್ಲ. ಪೇಟೆಯ ಒಂದೇ ಒಂದು ಬೀದಿ, ಭಾನುವಾರ ಸಂಜೆ ನಾಲ್ಕು ತಾಸು. ಸರಕಿನ ಗಾಡಿಗಳು ಬೆಳಿಗ್ಗೆ ಇಳಿಸಿ ಹೋಗಲಿ. ಮೂರು ತಿಂಗಳು ಮಾಡಿ ನೋಡಿ, ಅಂಗಡಿಯವರ ಗಲ್ಲೆ ಏನು ಹೇಳುತ್ತೆ ಕೇಳೋಣ.

ನಡೆಯುವುದು ನಮ್ಮ ಹಕ್ಕು ಅಂತ ಕಾನೂನಿನಲ್ಲಿ ಇದೆಯಾ?

ಇದೆ. ಫುಟ್‌ಪಾತ್ ಬಳಸುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಒತ್ತುವರಿ ಇಲ್ಲದ, ವಿಕಲಚೇತನರೂ ಬಳಸಬಹುದಾದ ಫುಟ್‌ಪಾತ್ ಇರಬೇಕು ಅಂತಲೂ ಹೇಳಿದೆ. ಅರ್ಜಿ ಬರೆಯುವಾಗ ಈ ಮಾತು ಸೇರಿಸಿ.

ಯಾರಿಗೆ ದೂರು ಕೊಡಬೇಕು? ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಊರೊಳಗಿನ ರಸ್ತೆ, ಫುಟ್‌ಪಾತ್, ನಾಲಿ, ಬೀದಿ ದೀಪ ಸಾಮಾನ್ಯವಾಗಿ ಮಹಾನಗರ ಪಾಲಿಕೆಯದ್ದು. ದೊಡ್ಡ ರಸ್ತೆ ಲೋಕೋಪಯೋಗಿ ಇಲಾಖೆಯದ್ದೋ ಹೆದ್ದಾರಿಯವರದ್ದೋ ಆಗಿರಬಹುದು. ಫುಟ್‌ಪಾತ್ ಮೇಲಿನ ಪಾರ್ಕಿಂಗ್ ಸಂಚಾರ ಪೊಲೀಸರಿಗೆ. ಟ್ರಾನ್ಸ್‌ಫಾರ್ಮರ್ ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂಗೆ. ಯಾರದ್ದು ಅಂತ ಗೊತ್ತಾಗದಿದ್ದರೆ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

"ಫುಟ್‌ಪಾತ್ ಸರಿ ಇಲ್ಲ" ಅಂತ ಬರೆದರೆ ಅದು ಫೈಲಿನಲ್ಲೇ ಮಲಗುತ್ತದೆ. ಯಾವ ಅಂಗಡಿ ಎದುರು, ಎಷ್ಟು ಉದ್ದ, ಎಷ್ಟು ಆಳ, ಯಾವತ್ತಿನಿಂದ, ಇಷ್ಟನ್ನ ಬರೆದು ಟೇಪ್ ಇಟ್ಟು ತೆಗೆದ ಫೋಟೋ ಹಚ್ಚಿ. ಹೊಸ ಕೆಲಸ ನಡೆಯುತ್ತಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಎಸ್ಟಿಮೇಟ್ ಪ್ರತಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಮೊರಂ ಎಷ್ಟು ದಪ್ಪ ಹಾಕಬೇಕಿತ್ತು ಅಂತ ಅದರಲ್ಲಿ ಇರುತ್ತದೆ. ಕಲ್ಲು ಮುಚ್ಚುವ ಮೊದಲು ಹೋಗಿ ನೋಡಿ.

ಇಷ್ಟೆಲ್ಲ ಆಗುವ ಮಾತಾ? ಒಂದೇ ಕೆಲಸ ಮೊದಲು ಮಾಡಿ ಅಂದರೆ ಯಾವುದು?

ಬಸ್ಸಿಳಿಯುವ ಕಡೆಯಿಂದ ಚೌಕ್‌ವರೆಗೆ ರಸ್ತೆಯ ಒಂದೇ ಬದಿ. ಅಲ್ಲಿ ಒಮ್ಮೆಯೂ ಇಳಿಯದೆ ಹೋಗುವಂಥ ಆರು ಅಡಿ ಹಾದಿ. ಸಾಲಾಗಿ ಬೇವಿನ ಗಿಡ. ಬೇರೆಲ್ಲ ಆಮೇಲೆ ಬರಲಿ.

ಅವ್ವ ಬಿದ್ದ ಜಾಗದಲ್ಲಿ ನಾಲ್ಕನೇ ಅರ್ಜಿ ಆದ ಮೇಲೆ ಕಲ್ಲು ಕೂರಿಸಿದರು. ಕೆಳಗೆ ಸಿಮೆಂಟ್ ಹಾಕಿದ್ದನ್ನ ನಾನೇ ನಿಂತು ನೋಡಿದೆ. ಹೋದ ವಾರ ಅವ್ವನ ಜೊತೆ ಅಲ್ಲಿಗೆ ಹೋದಾಗ ಅವಳು ಚಪ್ಪಲಿ ತುದಿಯಿಂದ ನಾಲ್ಕೂ ಮೂಲೆ ಒತ್ತಿ ನೋಡಿದಳು. ಅಲುಗಾಡಲಿಲ್ಲ. ಪಕ್ಕದ್ದು ಅಲುಗಾಡುತ್ತೆ. ಅದಕ್ಕೂ ಅರ್ಜಿ ಕೊಟ್ಟಿದ್ದೇನೆ.